ಕಡ್ಡಿ ತುಂಡು ಮಾಡಿದ ತೀರ್ಪು

ಚಿತ್ರಕಲಾ ಶಾಲೆಗೆ ಪೆನ್ಸಿಲ್ ಕೊಳ್ಳಬೇಕಿತ್ತು. ಪ್ರಿನ್ಸಿಪಾಲ್ ಹಂಪಿಹೊಳಿಯವರಿಗೆ ಜರ್ಮನಿಯದೇ ಆಗಬೇಕು. ಶಾಲಾ ಇನ್ಸ್‌ಪೆಕ್ಟರ್ ಸಾತೇನಹಳ್ಳಿಯವರಿಗೆ ಸ್ವದೇಶಿಯೇ ಆಗಬೇಕು. ಬೆಳಗಿನಿಂದ ಜಗಳವಾಡಿ ಸುಸ್ತಾಗಿ, ಕೊನೆಗೆ ಜವಾನನನ್ನು ಕರೆದು ಎರಡು ಮಾದರಿ ಪೆನ್ಸಿಲ್ ಕೊಟ್ಟರು.

"ಎರಡರಲ್ಲೂ ಒಂದೊಂದು ಗೆರೆ ಎಳೆದು ತಾ. ಯಾವುದು ಮೇಲು ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳು. ಜರ್ಮನಿಯದು ಅನ್ನದಿದ್ದರೆ ನಿನಗೆ ಬೀದರಿಗೆ ವರ್ಗ," ಎಂದರು ಪ್ರಿನ್ಸಿಪಾಲ್.

"ಜರ್ಮನಿಯದು ಅಂದರೆ ಚಾಮರಾಜನಗರಕ್ಕೆ!" ಎಂದರು ಇನ್ಸ್‌ಪೆಕ್ಟರ್.

ಜವಾನ ಪೆನ್ಸಿಲುಗಳನ್ನು ಹಿಡಿದು ಹೊರಗೆ ಹೋದ. ನೆಮ್ಮದಿಯಾಗಿ ಒಂದು ಬೀಡಿ ಸೇದಿದ. ಎರಡು ಗೆರೆ ಎಳೆದ ಕಾಗದ ತಂದು ಮೇಜಿನ ಮೇಲಿಟ್ಟ.

"ಯಾವುದು ಯಾರದು, ಬಲ್ಲವರು ನೀವೇ ಹೇಳಿ ಸಾರ್."

ಪ್ರಿನ್ಸಿಪಾಲರು ಕನ್ನಡಕ ಏರಿಸಿದರು. "ಎಡಗಡೆಯದು ಜರ್ಮನಿ. ಆಹಾ, ರೇಷ್ಮೆ! ಬಲಗಡೆಯದು ಬರೀ ಸೌದೆ."

ಇನ್ಸ್‌ಪೆಕ್ಟರು ಕಾಗದವನ್ನು ಮೂಸಿಯೇ ನೋಡಿದರು. "ಬಲಗಡೆಯದು ನಮ್ಮದು ಕಣ್ರೀ. ಬೆಣ್ಣೆ! ಎಡಗಡೆಯದು ಒಲೆಯ ಮಸಿ."

"ಸರಿ, ತೀರ್ಪು ಹೇಳಯ್ಯ!" ಎಂದರು ಪ್ರಿನ್ಸಿಪಾಲ್.

ಜವಾನ ಜೇಬಿನಿಂದ ಸುಟ್ಟ ಬೆಂಕಿಕಡ್ಡಿಯೊಂದನ್ನು ತೆಗೆದು ಲಟಕ್ಕನೆ ಮುರಿದ. ಇಬ್ಬರ ಮುಂದೂ ಒಂದೊಂದು ತುಂಡು ಇಟ್ಟ.

"ಕಡ್ಡಿ ತುಂಡು ಮಾಡಿದ್ದೇನೆ ಸಾರ್. ಎರಡು ಗೆರೆಯೂ ಇದರದ್ದೇ."

ಪ್ರಿನ್ಸಿಪಾಲರ ಕಿವಿ ಕೆಂಪಾಯಿತು. "ಇವನನ್ನು ಈಗಲೇ ಬೀದರಿಗೆ..."

"ಆಗಲಿ ಸಾರ್. ಆದೇಶದಲ್ಲಿ ಕಾರಣ ಏನಂತ ಬರೆಯುತ್ತೀರಿ?"

ಪ್ರಿನ್ಸಿಪಾಲರು ಇನ್ಸ್‌ಪೆಕ್ಟರನ್ನು ನೋಡಿದರು. ಇನ್ಸ್‌ಪೆಕ್ಟರು ಫ್ಯಾನನ್ನು ನೋಡಿದರು.

"ಹೋಗಿ ಟೀ ತಾರಯ್ಯ," ಎಂದರು ಇಬ್ಬರೂ.

ಬೆಳಗಿನಿಂದ ಅವರು ಒಪ್ಪಿದ ಮಾತು ಅದೊಂದೇ.