ಘಟ್ಟದ ದಾರಿಯ ಉಪ್ಪು

ಮಠದ ನೇಕಾರಿಕೆಯ ಹೊಣೆ ಹೊತ್ತಿದ್ದ ಶಿಷ್ಯ ಮುರಿಗೆಪ್ಪ ಗುರುಗಳನ್ನು ಕೇಳಿದ: “ಇದು ನಮ್ಮೆಲ್ಲರ ಕೆಲಸ ಎಂದು ನೇಕಾರರಿಗೆ ದಿನವೂ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಆದರೂ ಅವರ ಮನಸ್ಸು ಕೆಲಸದಲ್ಲಿಲ್ಲ. ಏನು ಮಾಡಲಿ?”

ಗುರುಗಳು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಕರಾವಳಿಯಿಂದ ಎತ್ತುಗಳ ಮೇಲೆ ಉಪ್ಪು ಹೇರಿಸಿ ಘಟ್ಟದ ಮೇಲಿನ ಊರುಗಳಿಗೆ ಸಾಗಿಸುತ್ತಿದ್ದ. ಅವನು ಕೆಟ್ಟವನಲ್ಲ. ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದ. ಪ್ರತಿದಿನ ಹೊರಡುವ ಮುನ್ನ ಆಳುಗಳಿಗೆ, “ಈ ಉಪ್ಪು ನಮ್ಮೆಲ್ಲರದು” ಎನ್ನುತ್ತಿದ್ದ. ಅವರು “ಹೌದು ಯಜಮಾನರೇ” ಎನ್ನುತ್ತಿದ್ದರು.

ಒಂದು ವರ್ಷ ಘಟ್ಟದ ನಡುವೆ ಅಕಾಲದ ಮಳೆ ಹಿಡಿಯಿತು. ಮೂಟೆಗಳನ್ನು ಇಳಿಸಿದರು. ಮುಚ್ಚಲು ಏನೂ ತಂದಿರಲಿಲ್ಲ. ಆಳುಗಳು ಕಂಬಳಿ ಹೊದ್ದು ಮರದ ಕೆಳಗೆ ಕುಳಿತರು.

“ಕಂಬಳಿಗಳನ್ನು ಮೂಟೆಗೆ ಹೊದಿಸಿ!” ಎಂದು ವ್ಯಾಪಾರಿ ಕೂಗಿದ.

ಆಳುಗಳಲ್ಲಿ ಹಿರಿಯನಾದ ಭೈರ ಕುಳಿತಲ್ಲಿಂದಲೇ ಹೇಳಿದ: “ಉಪ್ಪು ನಿಮ್ಮದು ಯಜಮಾನರೇ. ಕಂಬಳಿ ನಮ್ಮದು.”

ಉಪ್ಪು ಕರಗಿ ಇಳಿಜಾರಿನಲ್ಲಿ ಹರಿದುಹೋಯಿತು. ವ್ಯಾಪಾರಿಗೆ ಮೊದಲು ಸಿಟ್ಟು ಬಂತು. ಊರು ಮುಟ್ಟುವ ಹೊತ್ತಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಜೊತೆಗೆ ನಡೆದವರ ಮನೆ ಎಲ್ಲಿದೆಯೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಮರುವರ್ಷ ಉಪ್ಪು ಹೇರುವ ಮೊದಲು ಅವನು ಆಳುಗಳ ಜೊತೆ ಕುಳಿತ. “ಈ ಸಲದ ಪ್ರಯಾಣದಿಂದ ನಿಮಗೇನಾಗಬೇಕು?” ಎಂದು ಕೇಳಿದ. ಮೊದಲು ಭೈರ, ಮಗಳನ್ನು ಕೊಟ್ಟ ಊರಿಗೆ ಉಪ್ಪು ಮಾರುವವರು ಯಾರೂ ಹೋಗುವುದಿಲ್ಲ, ಅಲ್ಲಿಗೂ ಹೋಗೋಣ ಎಂದ. ಇನ್ನೊಬ್ಬನಿಗೆ ಹೆಂಡತಿ ಹೆಣೆದ ಚಾಪೆಗಳನ್ನು ಮಾರಬೇಕಿತ್ತು. ಮತ್ತೊಬ್ಬ, ಎತ್ತಿನ ಬೆನ್ನು ಹುಣ್ಣಾಗಿದೆ, ಹೇರು ಕಡಿಮೆ ಮಾಡಿ ಎಂದ. ಮಾತು ಜಗಳಕ್ಕೂ ಹೋಯಿತು. ವ್ಯಾಪಾರಿ ಕೆಲವಕ್ಕೆ ಒಪ್ಪಿದ. ಕೆಲವು ಆಗದು ಎಂದ, ಏಕೆ ಆಗದೆಂದೂ ಹೇಳಿದ. ದಾರಿ ಉದ್ದವಾಯಿತು, ಹೇರು ಕಡಿಮೆಯಾಯಿತು.

ಆ ವರ್ಷವೂ ಘಟ್ಟದಲ್ಲಿ ಮಳೆ ಬಂತು. ಮುಚ್ಚಲೆಂದು ತಂದಿದ್ದ ತೆಂಗಿನ ಗರಿಯ ತಟ್ಟಿಗಳನ್ನು ಗಾಳಿ ಕಿತ್ತೊಯ್ದಿತು. ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಭೈರನ ಕಂಬಳಿ ಮೂಟೆಯ ಮೇಲಿತ್ತು. ಉಳಿದವರೂ ಹೊದಿಸಿದರು. ಯಾವ ಮೂಟೆ ಯಾವ ಊರಿನದೆಂದು ಯಾರೂ ನೋಡಲಿಲ್ಲ. ವ್ಯಾಪಾರಿ ತನ್ನ ಶಾಲನ್ನೂ ಹೊದಿಸಿ ಅವರ ನಡುವೆ ನೆನೆಯುತ್ತ ನಿಂತ. ಉಪ್ಪು ಉಳಿಯಿತು.

ಮುರಿಗೆಪ್ಪ ಕೇಳಿದ: “ಹಾಗಾದರೆ ನೇಕಾರರಿಗೆ ನಾನು ಏನು ಹೇಳಲಿ, ಗುರುಗಳೇ?”

“ಹೇಳಿದ್ದು ಸಾಕು. ಅವರನ್ನು ಒಂದು ದಿನವಾದರೂ ಏನಾದರೂ ಕೇಳಿದ್ದೀಯಾ?”