ಎಡಗಡೆ ಪೆಡಲು

ಸೈಕಲ್ ಶಾಪಿನ ಚೌಡಪ್ಪನ ರಟ್ಟೆ ಕಂಡರೆ ಲಾರಿಯೂ ದಾರಿ ಬಿಡುತ್ತಿತ್ತಂತೆ; ಹೇಳಿದವನು ಅವನೇ. ಅಂಥವನು ಅಮಲ್ದಾರರ ಸೈಕಲ್ಲಿನ ಎಡಗಡೆ ಪೆಡಲು ಬಿಚ್ಚಲಾಗದೆ ಬೆಳಗ್ಗೆಯಿಂದ ತಿಣುಕುತ್ತಿದ್ದ.

"ಹನ್ನೆರಡರೊಳಗೆ ಬಿಚ್ಚದಿದ್ರೆ ನಿನ್ನ ಶಾಪನ್ನೇ ಎತ್ತಿಸ್ತೀನಿ!" ಅಮಲ್ದಾರರು ಗುಡುಗಿದರು.

ಆಗ ಚೌಡಪ್ಪನಿಗೆ ಹೊಳೆಯಿತು. ಎಡಗಡೆ ಪೆಡಲಿನ ತಿರುಪು ಉಲ್ಟಾ! ಬಿಚ್ಚುತ್ತೇನೆಂದು ಎಡಕ್ಕೆ ತಿರುವುತ್ತಾ ಇಷ್ಟು ಹೊತ್ತೂ ಅವನು ಬಿಗಿ ಮಾಡುತ್ತಿದ್ದ. ಈಗ ಅವನ ಕೈಗೇ ಅದು ಜಗ್ಗದು.

"ಬುದ್ಧೀ, ತುಕ್ಕು ಬಿಡಬೇಕಾದ್ರೆ ಮೊದಲು ಇನ್ನಷ್ಟು ಬಿಗಿ ಮಾಡ್ಬೇಕು. ಅದಕ್ಕೆ ತಮ್ಮಂಥೋರ ತೂಕ ಬೇಕು."

ಅಮಲ್ದಾರರು ಬಿಗಿ ಮಾಡಲೆಂದು ಸ್ಪ್ಯಾನರನ್ನು ಬಲಕ್ಕೆ ತಿರುವಿ, ಹೊಟ್ಟೆ ಸಮೇತ ಅದರ ಮೇಲೆ ಒರಗಿದರು. ಪೆಡಲು ಲಟಕ್ಕೆಂದು ಸಡಿಲವಾಯಿತು.

"ಅಯ್ಯಯ್ಯೋ, ಮುರಿದುಬಿಟ್ನೇನೋ?"

"ಇಲ್ಲ ಬುದ್ಧೀ, ಬಿಚ್ಚಿದ್ರಿ. ಈ ಕಡೇದು ಬಲಕ್ಕೆ ತಿರುವಿದ್ರೇ ಬಿಚ್ಚೋದು."

"ಹಾಗಾದ್ರೆ ಬೆಳಗ್ಗೆಯಿಂದ ನೀನು ಮಾಡಿದ್ದೇನಯ್ಯಾ?"

ಚೌಡಪ್ಪ ಮೀಸೆ ತೀಡಿದ.

"ಬಿಗಿ ಮಾಡ್ತಿದ್ದೆ. ನಾನು ಬಿಗಿದದ್ದು ಬಿಚ್ಚೋಕೆ ಸಾಕ್ಷಾತ್ ಅಮಲ್ದಾರರೇ ಬರಬೇಕಾಯ್ತು, ನೋಡಿ!"

ಅಮಲ್ದಾರರಿಗೆ ನಗು ತಡೆಯಲಾಗಲಿಲ್ಲ. ಶಾಪು ಉಳಿಯಿತು.