ಹಿಮರಾಯ ಹೊರೆ ಇಳಿಸಿದ ಜಾಗ

ಲೋಕ ಇನ್ನೂ ಹಸಿಯಾಗಿತ್ತು. ಹೊಳೆಗಳಿಗೆ ತಮ್ಮ ದಾರಿ ಗೊತ್ತಿರಲಿಲ್ಲ. ಬೆಟ್ಟ, ಗಾಳಿ, ನೀರು ಎಲ್ಲ ಮಾತಾಡುತ್ತಿದ್ದವು.

ಬಡಗಣ ದಿಕ್ಕಿನಲ್ಲಿ, ಬಹಳ ಎತ್ತರದಲ್ಲಿ, ಹಿಮರಾಯ ಅಂತ ಒಬ್ಬ ಇದ್ದ. ಹೆಪ್ಪುಗಟ್ಟಿದ ಹೊಳೆ ಅವನು. ಅವನ ಹೆಂಡತಿ ಒಂದು ಕೋಡುಗಲ್ಲು. ಗಾಳಿ ಬೀಸಿದರೆ ಅವಳು ಅಡ್ಡ ನಿಲ್ಲುತ್ತಿದ್ದಳು. ಬಿಸಿಲು ಬಂದರೆ ನೆರಳು ಕೊಡುತ್ತಿದ್ದಳು. ಅವನು ಅವಳ ಕಾಲ ಬಳಿ ಮಲಗಿರುತ್ತಿದ್ದ.

ಒಂದು ಚಳಿಗಾಲ ಅವಳ ಮೈ ಬಿರುಕು ಬಿಟ್ಟಿತು. ಬೇಸಿಗೆಗೆ ಕುಸಿದಳು. ಕುಸಿದು ಅವನ ಬೆನ್ನ ಮೇಲೆ ಬಿದ್ದಳು. ಬಂಡೆ, ಕಲ್ಲು, ಜಲ್ಲಿ, ಪುಡಿ.

ಹಿಮರಾಯ ಅಳಲಿಲ್ಲ. ಎಲ್ಲ ಹೊತ್ತುಕೊಂಡ. ಒಂದು ಹರಳನ್ನೂ ಬಿಡಲಿಲ್ಲ. ಅವಳನ್ನು ಮತ್ತೆ ನಿಲ್ಲಿಸುವ ಜಾಗ ಹುಡುಕಿಕೊಂಡು ಕೆಳಗೆ ಹೊರಟ.

ನಿಧಾನ ನಡಿಗೆ ಅವನದು. ಬಸವನಹುಳು ಅವನನ್ನು ದಾಟಿ ಹೋಗಿ, ತಿರುಗಿ ನೋಡಿ, ಪಾಪ ಅಂತ ಕಾಯುತ್ತಿತ್ತು.

ಗಾಳಿ ಕೇಳಿತು, "ಭಾರ ಆಗಲ್ವೇನೋ?"

"ಆಗ್ತದೆ."

"ಇಳಿಸು ಮತ್ತೆ."

"ಇಳಿಸಲ್ಲ."

ಹೋದ. ಹೋದ. ಹೋಗ್ತಾನೇ ಇದ್ದ.

ಕೆಳಗೆ ಕಣಿವೆಯಲ್ಲಿ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇದ್ದರು. ತುಂಡುಪ್, ಡೋಲ್ಕರ್. ಒಂದು ಕಲ್ಲಿನ ಮನೆ. ಒಂದು ತುಂಡು ಜವೆಗೋಧಿ ಹೊಲ. ಅದೇ ಅವರ ವರ್ಷದ ಊಟ. ಪೈರು ಆಗ ತೆನೆ ಕಟ್ಟಿತ್ತು. ಹಿಮರಾಯನ ಮೂಗು ಹೊಲದ ಬದುವಿಗೆ ಬಂತು. ಮನೆಯ ಗೋಡೆ ಅದುರಿತು.

ತುಂಡುಪ್ ಕೋಲು ಹಿಡಿದು ಬಂದ. "ಏಯ್, ಕಣ್ಣು ಕಾಣಲ್ವ? ಮಕ್ಕಳ ಅನ್ನ ಅದು."

"ನಿಲ್ಲೋಕೆ ಆಗ್ತಿಲ್ಲಪ್ಪ. ಹೊರೆ ತಳ್ತಾ ಇದೆ."

"ಊರಗಲ ಮೈ ಇಟ್ಕೊಂಡು ನಿಲ್ಲೋಕೆ ಆಗಲ್ಲ ಅಂತಾನಲ್ಲ ಇವನು."

"ನೀವು ಸ್ವಲ್ಪ ಸುಮ್ಮನಿರಿ," ಅಂದಳು ಡೋಲ್ಕರ್.

ಆ ಬೆಟ್ಟದ ಜನ ಹೊರೆಯನ್ನು ಬೆನ್ನುಬುಟ್ಟಿಯಲ್ಲಿ ಹೊರುತ್ತಾರೆ. ಬುಟ್ಟಿಯ ಪಟ್ಟಿ ಹಣೆಗೆ. ಒಬ್ಬರೇ ಇಳಿಸಲು ಹೋದರೆ ಹೊರೆ ಸಮೇತ ಬೀಳುತ್ತಾರೆ. ಅದಕ್ಕೆ ಅಲ್ಲೊಂದು ಪದ್ಧತಿ. ಹೊರೆ ಹೊತ್ತವರು ಎದುರು ಬಂದರೆ ಮೊದಲು ಬುಟ್ಟಿಗೆ ಕೈ ಕೊಡಬೇಕು. ಇಳಿಸುವ ತನಕ ಏನೂ ಕೇಳಬಾರದು. ಜಗಳ ಆಡಿದವರಾದರೂ ಸರಿ.

ಡೋಲ್ಕರ್ ಹತ್ತಿರ ಹೋದಳು.

"ಕೂತ್ಕೊ ಅಣ್ಣ. ನಾನು ಹಿಡೀತೀನಿ."

"ಇಳಿಸಿದ್ರೆ ಅವಳು ಹೋಗಿಬಿಡ್ತಾಳೆ ತಂಗಿ."

ಯಾರು ಅಂತ ಡೋಲ್ಕರ್ ಕೇಳಲಿಲ್ಲ.

"ಎಲ್ಲಿಗೆ ಹೋಗ್ತಾಳೆ? ಇಲ್ಲಿ ದಿನಾ ಗಾಳಿ. ಪೈರನ್ನ ಮಲಗಿಸಿಬಿಡ್ತದೆ. ಅಡ್ಡ ನಿಲ್ಲೋರು ಯಾರೂ ಇಲ್ಲ. ಇಲ್ಲೇ ಇರಲಿ."

ಹಿಮರಾಯ ಹೊಲದ ಕಡೆ ನೋಡಿದ. ಗಾಳಿಗೆ ಅಡ್ಡ ನಿಲ್ಲುವುದು ಅವಳ ಕೆಲಸವೇ ಆಗಿತ್ತಲ್ಲ.

"ಹಿಡೀತೀಯಾ?"

"ಹಿಡಿದಿದೀನಿ."

ಡೋಲ್ಕರ್ ಎರಡೂ ಕೈಯನ್ನು ಅವನ ತಣ್ಣನೆ ಮೂಗಿನ ಮೇಲೆ ಇಟ್ಟಿದ್ದಳು. ತುಂಡುಪ್ ಗೊಣಗಿದ. ಕೋಲು ಎಸೆದು ಪಕ್ಕದಲ್ಲಿ ನಿಂತು ತಾನೂ ಕೈ ಕೊಟ್ಟ. ಸೂರ್ಯ ನೋಡಿದ. ನಾನೊಬ್ಬ ಯಾಕೆ ಹಿಂದೆ ಉಳಿಯಲಿ ಅಂತ ತನ್ನ ಬಿಸಿ ಅಂಗೈಯನ್ನೂ ಇಟ್ಟ.

ಹಿಮರಾಯನ ಅಂಚು ಸಡಿಲವಾಯಿತು. ಕಲ್ಲು ಜಾರಿತು. ದೊಡ್ಡದು, ಚಿಕ್ಕದು, ಜಲ್ಲಿ, ಮಣ್ಣು, ಬಂದದ್ದು ಬಂದ ಹಾಗೆ ಇಳಿಯಿತು. ಹೊಲದ ಮುಂದೆ ಬಿಲ್ಲಿನ ಹಾಗೆ ಬಾಗಿ ನಿಂತಿತು. ಒಂದು ತೆನೆಯೂ ಮುರಿಯಲಿಲ್ಲ. ಮನೆ ಅದುರುವುದು ನಿಂತಿತು.

ತುಂಡುಪ್ ನೆಲದ ಮೇಲೆ ಕೂತುಬಿಟ್ಟ. "ಉಳೀತು," ಅಂದ.

ಡೋಲ್ಕರ್ ಕೇಳಿದಳು, "ಹಗುರ ಆಯ್ತಾ ಅಣ್ಣ?"

"ಆಯ್ತು ತಂಗಿ. ಇಷ್ಟು ಹಗುರ ಆಗ್ತದೆ ಅಂತ ಗೊತ್ತಿರಲಿಲ್ಲ."

ಹಿಮರಾಯ ಸ್ವಲ್ಪ ಹಿಂದಕ್ಕೆ ಸರಿದು ಮಲಗಿದ. ನಡುವೆ ಕರಗಿದ ನೀರು ನಿಂತು ಕೊಳ ಆಯಿತು. ಕೊಳದ ಆಚೆ ದಡದಲ್ಲಿ ದಿಣ್ಣೆಯಾಗಿ ನಿಂತ ಹೆಂಡತಿ ಅವನಿಗೆ ಚೆನ್ನಾಗಿ ಕಾಣುತ್ತಿದ್ದಳು. ಅವನ ಹೊಟ್ಟೆಯ ಅಡಿ ಅಂಟಿದ್ದ ಅವಳ ನುಣ್ಣನೆ ಪುಡಿ ಮಾತ್ರ ಹೋಗಿರಲಿಲ್ಲ. ಅದನ್ನು ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕಳಿಸುತ್ತಾ ಬಂದ. ಈಗಲೂ ಕಳಿಸುತ್ತಾನೆ.

ಅದಕ್ಕೇ ಮಗ, ಎತ್ತರದ ಬೆಟ್ಟದಲ್ಲಿ ಹಿಮದ ಹೊಳೆಯಿಂದ ಬರುವ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿರುತ್ತದೆ. ಹೊಳೆಯ ಮುಂದೆ ಬಂಡೆ, ಜಲ್ಲಿ, ಮಣ್ಣು ಕಲೆಸಿದ ಬಾಗಿದ ದಿಣ್ಣೆ ಇರುತ್ತದೆ. ಎಂಥ ಗಾಳಿ ಬೀಸಿದರೂ ದಿಣ್ಣೆಯ ಈಚೆ ಪೈರು ನೆಟ್ಟಗೆ ನಿಂತಿರುತ್ತದೆ.